ಬಂಗಾರಪೇಟೆಯಿಂದ ಕಂಠೀರವಕ್ಕೆ ಎರಡು ಟಿಕೆಟ್

ಕೇಳುಗರಿಗೆ ನಮಸ್ಕಾರ.

ನಾನು ಬಂಗಾರಪೇಟೆಯವನು. ಬೆಳಗ್ಗೆ ಮಾರಿಕುಪ್ಪಂ ಗಾಡಿ ಹತ್ತಿ ಬೆಂಗಳೂರಿಗೆ ಹೋಗಿ, ಸಂಜೆ ಅದೇ ದಾರಿಯಲ್ಲಿ ವಾಪಸ್ಸು ಬರುವ ಪಾಸಿನವರಲ್ಲಿ ಒಬ್ಬ. ನಮ್ಮ ಬೋಗಿಗೆ ಅದರದೇ ಒಂದು ಪದ್ಧತಿ ಇದೆ. ಮಾಲೂರು ದಾಟುವವರೆಗೆ ಇಸ್ಪೀಟು, ಆಮೇಲೆ ರಾಜಕೀಯ. 2023ರ ಜೂನ್ ತಿಂಗಳಲ್ಲಿ ಮಾತ್ರ ಎರಡೂ ನಿಂತುಹೋಗಿ ಒಂದೇ ಪ್ರಶ್ನೆ ಓಡಾಡುತ್ತಿತ್ತು: ‘ಟಿಕೆಟ್ ಸಿಕ್ತಾ?’

ಕಂಠೀರವ ಕ್ರೀಡಾಂಗಣದಲ್ಲಿ ಸ್ಯಾಫ್ ಫುಟ್‌ಬಾಲ್ ಚಾಂಪಿಯನ್‌ಷಿಪ್. ದಕ್ಷಿಣ ಏಷ್ಯಾದ ತಂಡಗಳ ಜೊತೆಗೆ ಆ ಸಲ ಕುವೈತ್, ಲೆಬನಾನ್ ಕೂಡ ಅತಿಥಿಗಳಾಗಿ ಬಂದಿದ್ದವು. ಆದರೆ ಜನಕ್ಕೆ ಬೇಕಾಗಿದ್ದು ಒಂದೇ ದಿನ. ಜೂನ್ 21, ಬುಧವಾರ, ರಾತ್ರಿ ಏಳೂವರೆ. ಭಾರತ, ಪಾಕಿಸ್ತಾನ.

ಕ್ರಿಕೆಟ್ಟಿನ ನಾಡಿನಲ್ಲಿ ನಿಮಗೆ ಈ ಹುಚ್ಚು ಎಲ್ಲಿಂದ ಅಂಟಿತು ಅಂತ ಕೇಳಬಹುದು. ಕೆಜಿಎಫ್‌ನಿಂದ. ನಮ್ಮಪ್ಪ ಚಾಂಪಿಯನ್ ರೀಫ್ ಗಣಿಯಲ್ಲಿದ್ದವರು. ಬ್ರಿಟಿಷರು ಚಿನ್ನ ಒಯ್ದರು, ಚೆಂಡು ಬಿಟ್ಟುಹೋದರು ಅಂತ ಅವರು ತಮಾಷೆ ಮಾಡುತ್ತಿದ್ದರು. ಭಾನುವಾರ ಉರಿಗಾಂ ಕಡೆ ಪಂದ್ಯ ಇದ್ದರೆ ನನ್ನನ್ನು ಸೈಕಲ್ಲಿನ ಮುಂದಿನ ಕಂಬಿಯ ಮೇಲೆ ಕೂರಿಸಿಕೊಂಡು ಹೋಗುತ್ತಿದ್ದರು. ನಾವು ಹುಡುಗರು ಆಡುತ್ತಿದ್ದುದು ಸೈನೈಡ್ ಗುಡ್ಡದ ಬುಡದಲ್ಲಿ, ಅಂದರೆ ಚಿನ್ನ ತೆಗೆದ ಮೇಲೆ ಉಳಿದ ಗಣಿಮಣ್ಣಿನ ರಾಶಿಯ ಬುಡದಲ್ಲಿ. ಗಾಳಿ ಬೀಸಿತೆಂದರೆ ಬೂದಿಬಣ್ಣದ ಧೂಳೆದ್ದು ಗೋಲ್‌ಪೋಸ್ಟೇ ಕಾಣಿಸುತ್ತಿರಲಿಲ್ಲ. ಪೋಸ್ಟ್ ಅಂದರೆ ಎರಡು ಕಲ್ಲು, ಅಷ್ಟೆ. ಚೆಂಡು ಒಳಗೆ ಹೋಯಿತೋ ಹೊರಗೆ ಹೋಯಿತೋ ಅನ್ನುವುದನ್ನು ಜಗಳವಾಡಿ ತೀರ್ಮಾನ ಮಾಡಬೇಕಿತ್ತು. ಗಣಿ 2001ರ ಫೆಬ್ರವರಿ 28ಕ್ಕೆ ಮುಚ್ಚಿತು. ಧೂಳು ಈಗಲೂ ಏಳುತ್ತದೆ.

ನಮ್ಮ ನಾಡಿಗೆ ಈ ಆಟದಲ್ಲಿ ಹಕ್ಕಿಲ್ಲ ಅನ್ನುವಂತಿಲ್ಲ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ಎದುರು ಭಾರತ ಸೋತದ್ದು 2–1ರಿಂದ. ಭಾರತದ ಆ ಒಂದು ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಸ್ವತಂತ್ರ ಭಾರತದ ಮೊದಲ ಗೋಲು ಅದು. ಅದೇ ತಂಡದಲ್ಲಿದ್ದ ಅಹ್ಮದ್ ಖಾನ್ ಕೂಡ ಬೆಂಗಳೂರಿನವರು. ಇನ್ನು ರಾಜ್ಯ ತಂಡಗಳು ಸೆಣಸುವ ಸಂತೋಷ್ ಟ್ರೋಫಿ. ಮೈಸೂರು ತಂಡ 1968–69ರಲ್ಲಿ ಗೆದ್ದಿದ್ದ ಕಪ್ಪು ಕರ್ನಾಟಕಕ್ಕೆ ಮತ್ತೆ ಬಂದದ್ದು 2023ರ ಮಾರ್ಚ್‌ನಲ್ಲಿ, ಅದೂ ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ. ಅದಾಗಿ ಮೂರೇ ತಿಂಗಳಿಗೆ ಪಾಕಿಸ್ತಾನ ಕಂಠೀರವಕ್ಕೆ ಬರುತ್ತದೆ ಅಂದರೆ ಹಳೇ ಹುಚ್ಚು ಸುಮ್ಮನಿರುತ್ತದೆಯೇ?

ನನ್ನ ಅಕ್ಕನ ಮಗ ಆಗ ಪಿಯುಸಿ. ಟಿಕೆಟ್ ಮಾರಾಟ ಶುರುವಾಗುವ ದಿನ ಕಾಲೇಜಿಗೆ ಚಕ್ಕರ್ ಹಾಕಿ ನಮ್ಮ ಮನೆಗೆ ಬಂದ. ಕಾರಣ ಇಷ್ಟೇ, ನಮ್ಮ ಮಹಡಿಯ ಮೇಲೆ ನೀರಿನ ಟ್ಯಾಂಕಿನ ಪಕ್ಕ ನಿಂತರೆ ನೆಟ್‌ವರ್ಕ್ ನಾಲ್ಕು ಕಡ್ಡಿ ಬರುತ್ತದೆ. ಅವನ ಕೈಯಲ್ಲೊಂದು ಫೋನು, ನನ್ನ ಕೈಯಲ್ಲೊಂದು. ನಾನು ಆಫೀಸಿಗೆ ಅರ್ಧ ದಿನ ರಜೆ ಬರೆದಿದ್ದೆ. ಕಾರಣ ಏನು ಬರೆದೆ ಅಂತ ಇಲ್ಲಿ ಹೇಳುವುದಿಲ್ಲ.

‘ಸುತ್ತುತ್ತಾ ಇದೆ ಮಾವ.’

‘ಸುತ್ತಲಿ ಬಿಡು, ಮುಟ್ಟಬೇಡ.’

‘ಸೀಟು ಕಾಣಿಸ್ತಾ ಇದೆ, ಒತ್ತಿದ್ರೆ ಹೋಗ್ತಾ ಇದೆ.’

ಇದರ ಮರ್ಮ ನನಗೆ ಆಮೇಲೆ ತಿಳಿಯಿತು. ಯಾರೋ ಒಂದು ಸೀಟನ್ನು ಆರಿಸಿದ ಕೂಡಲೇ ಕೆಲವು ನಿಮಿಷ ಅದನ್ನು ಅವರಿಗೆಂದು ಹಿಡಿದಿಡುತ್ತಾರೆ. ಅವರು ದುಡ್ಡು ಕಟ್ಟಿದರೆ ಸರಿ, ಕಟ್ಟದಿದ್ದರೆ ಸೀಟು ಮತ್ತೆ ಮಾರಾಟಕ್ಕೆ ಬರುತ್ತದೆ. ಅದಕ್ಕೇ ಒಮ್ಮೆ ಮುಗಿಯಿತು ಅಂತ ತೋರಿಸಿದ್ದು ಹತ್ತು ನಿಮಿಷ ಬಿಟ್ಟು ಕಣ್ಣು ಮಿಟುಕಿಸುವುದು. ಇನ್ನೊಂದು ವಿಷಯ. ಕ್ರೀಡಾಂಗಣದಲ್ಲಿರುವ ಕುರ್ಚಿಗಳೆಲ್ಲ ಮಾರಾಟಕ್ಕೆ ಬರುವುದಿಲ್ಲ. ಪ್ರಾಯೋಜಕರಿಗೆ ಇಷ್ಟು, ಸಂಸ್ಥೆಗಳಿಗೆ ಇಷ್ಟು, ಅಧಿಕಾರಿಗಳಿಗೆ ಇಷ್ಟು ಅಂತ ಮೊದಲೇ ತೆಗೆದಿಟ್ಟಿರುತ್ತಾರೆ. ಪಾಸ್ ಅನ್ನುವ ಪದದ ಮಹಿಮೆ ನಮ್ಮ ರಾಜ್ಯದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬಿಟ್ಟಿ ಪಾಸಿನಲ್ಲಿ ಬಂದವರು ಅರ್ಧ ಆಟಕ್ಕೇ ಎದ್ದುಹೋಗುವುದನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ. ಉರಿಯಬಾರದು, ಆದರೂ ಉರಿಯುತ್ತದೆ.

ಕೊನೆಗೆ ಹುಡುಗನಿಗೆ ಎರಡು ಸೀಟು ಸಿಕ್ಕವು. ದುಡ್ಡು ಕಟ್ಟಿದ. ಖಾತೆಯಿಂದ ದುಡ್ಡು ಹೋಯಿತು, ಟಿಕೆಟ್ ಬರಲಿಲ್ಲ. ಅಲ್ಲಿ ಕೊಟ್ಟಿದ್ದ ನಂಬರಿಗೆ ಫೋನ್ ಮಾಡಿದರೆ ಹಾಡು ಕೇಳಿಸಿದರು. ‘ನಿಮ್ಮ ಕರೆ ನಮಗೆ ಮುಖ್ಯ’ ಅಂದರು. ಮತ್ತೆ ಹಾಡು. ಆ ದುಡ್ಡು ವಾಪಸ್ಸು ಬಂದದ್ದು ಪಂದ್ಯ ಮುಗಿದ ಎರಡು ದಿನಕ್ಕೆ.

ಅಪ್ಪನ ಕಾಲದ್ದು ನೆನಪಾಯಿತು. ಗಣಿಗೆ ಇಳಿಯುವಾಗ ಪ್ರತಿಯೊಬ್ಬರಿಗೂ ನಂಬರು ಕೆತ್ತಿದ ಒಂದು ಹಿತ್ತಾಳೆ ಬಿಲ್ಲೆ. ಪಾಳಿ ಮುಗಿದಾಗ ಒಂದು ಬಿಲ್ಲೆ ಲೆಕ್ಕಕ್ಕೆ ಸಿಗದಿದ್ದರೆ, ‘ಯಾರಪ್ಪಾ ಇನ್ನೂ ಕೆಳಗಿರೋದು?’ ಅಂತ ಹುಡುಕುತ್ತಿದ್ದರಂತೆ. ಇಲ್ಲಿ ಇಬ್ಬರು ಮಹಡಿಯ ಮೇಲೆ ಕಾಯುತ್ತಿದ್ದೇವೆ ಅನ್ನುವುದು ಯಾರ ಲೆಕ್ಕಕ್ಕೂ ಸಿಕ್ಕಿರಲಿಲ್ಲ.

ಹಾಗಂತ ನನಗೆ ಬರೀ ಸಿಟ್ಟೇ ಇತ್ತು ಅಂದರೆ ಸುಳ್ಳಾಗುತ್ತದೆ. ಐದು ವರ್ಷ ಹಿಂದಕ್ಕೆ ಹೋಗಿ. 2018ರ ಜೂನ್, ಮುಂಬೈ. ಚೈನೀಸ್ ತೈಪೆ ತಂಡವನ್ನು ಭಾರತ 5–0ಯಿಂದ ಸೋಲಿಸಿದಾಗ ಅಲ್ಲಿದ್ದ ಪ್ರೇಕ್ಷಕರು 2,569 ಮಂದಿ. ಭಾರತ ತಂಡದ ನಾಯಕ ಸುನಿಲ್ ಛೆಟ್ರಿ ವಿಡಿಯೊ ಮಾಡಿ, ಬೈಯುವುದಿದ್ದರೂ ಮೈದಾನಕ್ಕೆ ಬಂದು ಬೈಯಿರಿ ಅಂತ ಜನರನ್ನು ಬೇಡಿಕೊಂಡರು. ಮುಂದಿನ ಪಂದ್ಯ, ಕೀನ್ಯಾ ಎದುರಿನದು, ಛೆಟ್ರಿಯ ನೂರನೆಯದು, ಅದಕ್ಕೆ ಮೈದಾನ ತುಂಬಿತು. ದೇಶದ ನಾಯಕ ಕೈಮುಗಿದು ಕರೆಯಬೇಕಾಗಿದ್ದ ಆಟಕ್ಕೆ ಈಗ ಟಿಕೆಟ್ ಸಿಗುತ್ತಿಲ್ಲ ಅಂದರೆ, ಗೊಣಗುತ್ತಲೇ ಒಳಗೊಳಗೆ ಖುಷಿಪಟ್ಟೆ.

ದೊಡ್ಡವರ ಮನೆಯ ಪಾಡಂತೂ ಬೇರೆಯೇ. 2026ರ ವಿಶ್ವಕಪ್ಪಿಗೆ, 48 ತಂಡ, 104 ಪಂದ್ಯಗಳ ಆ ಜಾತ್ರೆಗೆ, ಫಿಫಾ ಬೇಡಿಕೆ ನೋಡಿ ಬೆಲೆ ಏರಿಸುವ ಪದ್ಧತಿ ತಂದಿತು. ಕೊಂಡ ಟಿಕೆಟ್ಟನ್ನು ಅವರದೇ ಜಾಲತಾಣದಲ್ಲಿ ಮರುಮಾರಾಟ ಮಾಡಿದರೆ ಕೊಳ್ಳುವವರಿಂದ ನೂರಕ್ಕೆ 15, ಮಾರುವವರಿಂದ ನೂರಕ್ಕೆ 15. ನಮ್ಮ ಎಪಿಎಂಸಿಯಲ್ಲಿ ಟೊಮೆಟೊ ತಂದ ರೈತನಿಗೆ ಇದನ್ನು ಹೇಳಿದರೆ, ಮಂಡಿಯವರೇ ವಾಸಿ ಅಂದಾನು.

ಸರಿ, ಬುಧವಾರ ಬಂತು. ಪಾಕಿಸ್ತಾನದ ಆಟಗಾರರು ವೀಸಾ ತಡವಾಗಿ ಪಂದ್ಯದ ದಿನವೇ ಬೆಂಗಳೂರಿಗೆ ಬಂದಿಳಿದರು. ಸಂಜೆ ನಾನು ಆಫೀಸಿನಿಂದ ಹೊರಟಾಗ ಕಬ್ಬನ್ ಪಾರ್ಕ್ ಬದಿಯ ರಸ್ತೆಯಲ್ಲಿ ನೀಲಿ ಅಂಗಿಗಳ ಹೊಳೆ. ಎಲ್ಲರೂ ಒಂದೇ ದಿಕ್ಕಿಗೆ, ನಾನೊಬ್ಬ ಎದುರು ದಿಕ್ಕಿಗೆ. ಡೋಲು, ಪೀಪಿ, ಕೆನ್ನೆಗೆ ಬಣ್ಣ. ಕಂಠೀರವ ಕಟ್ಟಿರುವುದು ಹಳೇ ಸಂಪಂಗಿ ಕೆರೆಯ ಅಂಗಳದಲ್ಲಿ, ಕರಗದ ಪೂಜೆಗೆಂದು ಉಳಿದಿರುವ ಪುಟ್ಟ ಕೊಳ ಈಗಲೂ ಪಕ್ಕದಲ್ಲಿದೆ. ಆ ರಾತ್ರಿ ಮಳೆಯೂ ಬಂತು, ಕೆರೆ ತನ್ನ ಜಾಗ ನೆನೆಸಿಕೊಂಡ ಹಾಗೆ.

ನಾನು ಊರು ಸೇರಿದಾಗ ಪಾನಿಪುರಿ ಗಾಡಿಯವನು ಫೋನನ್ನು ಪೇಪರ್ ತಟ್ಟೆಗಳ ಕಟ್ಟಿಗೆ ಒರಗಿಸಿ ಇಟ್ಟಿದ್ದ. ನಮ್ಮೂರ ಪಾನಿಪುರಿಯ ನೀರು ಕುಡಿಯುವ ನೀರಿನಷ್ಟೇ ತಿಳಿ, ನಾಲಿಗೆಗೆ ತಾಕಿದಾಗಲೇ ಖಾರ ಗೊತ್ತಾಗುವುದು. ಸುತ್ತ ಹದಿನೈದು ಜನ, ಪುರಿ ಕೈಯಲ್ಲೇ ನೆನೆದು ಮೆತ್ತಗಾಗುತ್ತಿದೆ. ಛೆಟ್ರಿ ಮೂರು, ಉದಾಂತ ಸಿಂಗ್ ಒಂದು. 4–0. ಹುಡುಗ ಮಾತ್ರ ಸಂಭ್ರಮ ಪಡಲಿಲ್ಲ. ‘ನಮ್ಮ ಸೀಟಲ್ಲಿ ಯಾರು ಕೂತಿದ್ರೋ’ ಅಂದ, ಅಷ್ಟೆ.

ಶುಕ್ರವಾರ ನೋಡಿದರೆ ಮಾರನೇ ದಿನದ ನೇಪಾಳ ಪಂದ್ಯಕ್ಕೆ ಸೀಟುಗಳಿದ್ದವು. ಒಂದೇ ಸಲಕ್ಕೆ ಬಂತು. ಸುತ್ತಲಿಲ್ಲ, ಹಾಡು ಹಾಡಲಿಲ್ಲ. ‘ಪಾಕಿಸ್ತಾನ ಅಲ್ವಲ್ಲ ಮಾವ’ ಅಂತ ಮುಖ ಗಂಟು ಹಾಕಿಕೊಂಡೇ ಹೊರಟ. ಆದರೆ ಮೆಟ್ಟಿಲು ಹತ್ತಿ, ದೀಪದ ಬೆಳಕಿನಲ್ಲಿ ಆ ಹಸಿರನ್ನು ಮೊದಲ ಸಲ ಕಂಡವನು ನನ್ನ ತೋಳು ಗಟ್ಟಿಯಾಗಿ ಹಿಡಿದುಕೊಂಡ. ಟೀವಿಯಲ್ಲಿ ಚೆಂಡು ಒದ್ದ ಶಬ್ದ ಕೇಳಿಸುವುದಿಲ್ಲ ನೋಡಿ. ಅಲ್ಲಿ ಕೇಳಿಸುತ್ತದೆ, ಒದ್ದೆ ಚಾಪೆಗೆ ಕೋಲಿನಲ್ಲಿ ಹೊಡೆದ ಹಾಗೆ. ಮೊದಲರ್ಧ ಗೋಲಿಲ್ಲ. ಎರಡನೇ ಅರ್ಧದಲ್ಲಿ ಛೆಟ್ರಿ ಒಂದು, ಮಹೇಶ್ ಸಿಂಗ್ ಒಂದು. ಅವನ ಗಂಟಲು ಅಲ್ಲಿಗೇ ಕಟ್ಟಿತು.

ಮುಗಿದಾಗ ಒಂಬತ್ತೂವರೆ. ಟಿಕೆಟ್ ಮಾರುವವರ ಲೆಕ್ಕದಲ್ಲಿ ಪ್ರೇಕ್ಷಕ ಅಂದರೆ ಬೆಂಗಳೂರಿನಲ್ಲೇ ಮನೆ ಇರುವವನು. ನಮ್ಮಂಥವರಿಗೆ ಒಳಗೆ ಹೋಗುವ ಟಿಕೆಟ್ಟಿಗಿಂತ ಊರು ಸೇರುವುದೇ ದೊಡ್ಡದು. ಆಟೋ ಹಿಡಿದು ಟಿನ್ ಫ್ಯಾಕ್ಟರಿಗೆ ಬಂದು ಕೋಲಾರದ ಬಸ್ಸಿಗೆ ಕಾದೆವು. ಬಂದ ಬಸ್ಸಿನಲ್ಲಿ ನಿಲ್ಲಲೂ ಜಾಗವಿರಲಿಲ್ಲ. ಜನರ ಮಧ್ಯೆ ನುಸುಳಿಕೊಂಡು ಬಂದ ಕಂಡಕ್ಟರ್, ‘ಟಿಕೆಟ್, ಟಿಕೆಟ್’ ಅಂದರು. ಹುಡುಗ ನಿದ್ದೆಗಣ್ಣಿನಲ್ಲಿ ಜೇಬಿಗೆ ಕೈಹಾಕಿ, ಗೇಟಿನಲ್ಲಿ ಹರಿದುಕೊಟ್ಟಿದ್ದ ಪಂದ್ಯದ ಅರ್ಧ ಚೀಟಿಯನ್ನು ಅವರ ಮುಂದೆ ಹಿಡಿದ.

ಕಂಡಕ್ಟರ್ ಅದನ್ನು ಬಸ್ಸಿನ ದೀಪಕ್ಕೆ ಹಿಡಿದು ತಿರುಗಿಸಿ ನೋಡಿದರು.

‘ಎಷ್ಟು ಗೋಲು?’

‘ಎರಡು ಸೊನ್ನೆ.’

‘ಛೆಟ್ರಿ ಹೊಡೆದ್ನಾ?’

‘ಒಂದು.’

‘ಸರಿ,’ ಅಂದು ಚೀಟಿ ವಾಪಸ್ಸು ಕೊಟ್ಟರು. ‘ಇದು ನಮ್ಮ ಗಾಡೀಲಿ ನಡೆಯಲ್ಲ. ಕೋಲಾರಕ್ಕೆ ಎರಡಾ?’