ಹದಿನೇಳರ ಹುಡುಗರ ತಂಡ

ಕೇಳುಗರಿಗೆಲ್ಲ ನಮಸ್ಕಾರ.

ಇವತ್ತು ಒಂದು ಸೋತ ತಂಡದ ಬಗ್ಗೆ ಮಾತಾಡೋಣ. ಅಮೆರಿಕದ ಓಹಾಯೋ ಸ್ಟೇಟ್ ಯೂನಿವರ್ಸಿಟಿಯ 1943ರ ಫುಟ್‌ಬಾಲ್ ತಂಡ ಅದು. ಇದು ನಾವು ಆಡುವ ಫುಟ್‌ಬಾಲ್ ಅಲ್ಲ. ಸುಲಿದ ತೆಂಗಿನಕಾಯಿಯಂಥ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು, ಅಡ್ಡ ಬಂದವರನ್ನು ತಪ್ಪಿಸಿ ಓಡುವ ಅಮೆರಿಕದವರ ಆಟ. ಕಾಲೇಜು ಪಂದ್ಯವಿದ್ದರೆ ಅಲ್ಲಿ ಊರಿಗೆ ಊರೇ ಮೈದಾನಕ್ಕೆ ಬರುತ್ತದೆ.

ಅದರ ಹಿಂದಿನ ವರ್ಷ, 1942ರಲ್ಲಿ, ಇದೇ ಓಹಾಯೋ ಸ್ಟೇಟ್ ಇಡೀ ದೇಶಕ್ಕೇ ಮೊದಲ ಸ್ಥಾನದಲ್ಲಿತ್ತು. ಸೋತದ್ದು ಒಂದೇ ಪಂದ್ಯ. ಕೋಚ್ ಪಾಲ್ ಬ್ರೌನ್ ಶಿಸ್ತಿನ ಮನುಷ್ಯ. ಎಲ್ಲವೂ ಕೈಗೂಡಿತ್ತು. ಆದರೆ ಅದು ಎರಡನೇ ಮಹಾಯುದ್ಧದ ಕಾಲ. 1942ರ ನವೆಂಬರ್‌ನಲ್ಲಿ ಕಡ್ಡಾಯವಾಗಿ ಸೇನೆಗೆ ಕರೆಸಿಕೊಳ್ಳುವ ವಯಸ್ಸನ್ನು 20ರಿಂದ 18ಕ್ಕೆ ಇಳಿಸಿದರು. ಕಾಲೇಜುಗಳು ಖಾಲಿಯಾದವು. ಉಳಿದವರು ಯಾರು? ಇನ್ನೂ 18 ತುಂಬದವರು, ವೈದ್ಯಕೀಯ ಪರೀಕ್ಷೆಯಲ್ಲಿ ಪಾಸಾಗದೆ ಸೇನೆ ತೆಗೆದುಕೊಳ್ಳದವರು. ಮೊದಲ ವರ್ಷದ ವಿದ್ಯಾರ್ಥಿಗಳನ್ನು ಮುಖ್ಯ ತಂಡಕ್ಕೆ ಸೇರಿಸಬಾರದು ಎಂಬ ನಿಯಮವನ್ನೂ ಸಡಿಲಿಸಬೇಕಾಯಿತು.

ಎಲ್ಲ ಕಾಲೇಜುಗಳಿಗೂ ಒಂದೇ ಕಷ್ಟ ಬಂದಿದ್ದರೆ ಅದು ಬೇರೆ ಮಾತು. ಹಾಗಾಗಲಿಲ್ಲ. ನೌಕಾಪಡೆ ತನ್ನ ಭಾವಿ ಅಧಿಕಾರಿಗಳನ್ನು ಕಾಲೇಜುಗಳಲ್ಲೇ ಇರಿಸಿ ಓದಿಸುತ್ತಿತ್ತು. ವಿ-12 ಅಂತ ಆ ಯೋಜನೆಯ ಹೆಸರು. ಅದರ ಹುಡುಗರು ಆಟ ಆಡಬಹುದಿತ್ತು. ಭೂಸೇನೆಯೂ ಹಾಗೆಯೇ ಓದಿಸುತ್ತಿತ್ತು, ಆದರೆ ಕಾಲೇಜು ಪಂದ್ಯಗಳಲ್ಲಿ ಆಡಲು ಬಿಡುತ್ತಿರಲಿಲ್ಲ. ಓಹಾಯೋ ಸ್ಟೇಟ್‌ಗೆ ಬಂದದ್ದು ಭೂಸೇನೆಯ ಯೋಜನೆ. ಲೆಸ್ ಹೊರ್ವತ್ ಎಂಬ ಒಳ್ಳೆಯ ಆಟಗಾರ ಆ ಯೋಜನೆಯಲ್ಲೇ, ಅದೇ ಕ್ಯಾಂಪಸ್ಸಿನಲ್ಲಿ ದಂತವೈದ್ಯ ಓದುತ್ತಿದ್ದರು. ಮೈದಾನಕ್ಕೆ ಇಳಿಯುವಂತಿರಲಿಲ್ಲ. ಎಂಥ ಸಂಕಟ ಅಲ್ವಾ?

ಪಕ್ಕದ ರಾಜ್ಯದ ಪರ್ಡ್ಯೂ ಯೂನಿವರ್ಸಿಟಿಗೆ ಮಾತ್ರ ನೌಕಾಪಡೆಯ ಯೋಜನೆ ಸಿಕ್ಕಿತು. ಇಲಿನಾಯ್ ಯೂನಿವರ್ಸಿಟಿಯ ತಾರೆಗಳಾದ ಟೋನಿ ಬುಟ್ಕೊವಿಚ್, ಅಲೆಕ್ಸ್ ಅಗಾಸೆ ಇಬ್ಬರನ್ನೂ ತರಬೇತಿಗೆಂದು ಅಲ್ಲಿಗೆ ಕಳಿಸಿದರು. ಹೋದ ವರ್ಷ ಜೊತೆಗೆ ಆಡಿದ ಗೆಳೆಯರ ಎದುರೇ ಅವರು ಆಡಬೇಕಾಯಿತು. ಆ ವರ್ಷ ಪರ್ಡ್ಯೂ ಒಂದೂ ಪಂದ್ಯ ಸೋಲಲಿಲ್ಲ. ಇಲಿನಾಯ್ 10ರಲ್ಲಿ 7 ಸೋತಿತು. ಬುಟ್ಕೊವಿಚ್ 1945ರ ಏಪ್ರಿಲ್‌ನಲ್ಲಿ ಜಪಾನಿನ ಒಕಿನಾವಾ ದ್ವೀಪದ ಕಾಳಗದಲ್ಲಿ ತೀರಿಕೊಂಡರು. ಪರ್ಡ್ಯೂ ಗೆದ್ದದ್ದು ಪುಕ್ಕಟೆಯಾಗಿ ಅಂತ ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ, ಆ ಗೆಲುವು ತಂದವರೂ ಯುದ್ಧಕ್ಕೇ ಹೋದರು.

ಈಗ 1943ರ ನವೆಂಬರ್ 13ಕ್ಕೆ ಬನ್ನಿ. ಓಹಾಯೋ ಸ್ಟೇಟ್ ಇರುವ ಕೊಲಂಬಸ್ ನಗರ. ಓಹಾಯೋ ಸ್ಟೇಟ್‌ಗೆ ಎದುರಾಳಿ ಇದೇ ಇಲಿನಾಯ್. ಎರಡೂ ಕಡೆ ಯುದ್ಧ ಬರಿದು ಮಾಡಿದ ತಂಡಗಳು. ಕೊನೆಯ ಹೊತ್ತಿಗೆ 26-26, ಸಮ. ಓಹಾಯೋದವರು ಎಸೆದ ಕೊನೆಯ ಚೆಂಡು ಯಾರ ಕೈಗೂ ಸಿಗಲಿಲ್ಲ. ಪಂದ್ಯ ಮುಗಿಯಿತು ಅಂದುಕೊಂಡು ಜನ ಎದ್ದು ಹೊರಟರು. ಆಟಗಾರರು ಡ್ರೆಸ್ಸಿಂಗ್ ರೂಮಿಗೆ ಹೋದರು. ಶೂ ಬಿಚ್ಚಿದರು, ಬಟ್ಟೆ ಬಿಚ್ಚಿದರು.

ಅಷ್ಟರಲ್ಲಿ ಅಂಪೈರುಗಳ ಕಡೆಯಿಂದ ಸುದ್ದಿ ಬಂತು. ಆ ಕೊನೆಯ ಆಟದಲ್ಲಿ ಇಲಿನಾಯ್‌ನವರು ಆಫ್‌ಸೈಡ್ ಇದ್ದರಂತೆ, ಅಂದರೆ ಆಟ ಶುರುವಾಗುವ ಮೊದಲೇ ಗೆರೆ ದಾಟಿದ್ದರಂತೆ. ಲೈನ್ಸ್‌ಮನ್ ಅದನ್ನು ಗುರುತಿಸಿದ್ದರು, ಗದ್ದಲದಲ್ಲಿ ಯಾರೂ ಗಮನಿಸಿರಲಿಲ್ಲ. ನಿಯಮದ ಪ್ರಕಾರ ಓಹಾಯೋಗೆ ಇನ್ನೊಂದು ಅವಕಾಶ ಕೊಡಲೇಬೇಕು. ಬಿಚ್ಚಿದ್ದನ್ನೆಲ್ಲ ಮತ್ತೆ ಹಾಕಿಕೊಂಡು ಎರಡೂ ತಂಡಗಳು ವಾಪಸ್ ಬಂದವು. ಗ್ಯಾಲರಿ ಮುಕ್ಕಾಲು ಖಾಲಿ. ಪಾಲ್ ಬ್ರೌನ್ ಕರೆದದ್ದು ಜಾನ್ ಸ್ಟಂಗಿಸ್ ಎಂಬ ಮೊದಲ ವರ್ಷದ ಹುಡುಗನನ್ನು. ಅವನು ಅಲ್ಲಿಯವರೆಗೆ ಪಂದ್ಯದಲ್ಲಿ ಫೀಲ್ಡ್ ಗೋಲ್‌ಗೆ, ಅಂದರೆ ಕಂಬಗಳ ನಡುವೆ ಚೆಂಡು ಕಳಿಸಿ ಮೂರು ಅಂಕ ಪಡೆಯಲು, ಒದ್ದವನೇ ಅಲ್ಲ. ಒದ್ದ. ಚೆಂಡು ಕಂಬಗಳ ನಡುವೆ ಹೋಯಿತು. 29-26. ಮನೆಗೆ ಹೋದ ಜನರಿಗೆ ತಮ್ಮ ತಂಡ ಗೆದ್ದದ್ದೇ ಗೊತ್ತಿರಲಿಲ್ಲ.

ಆ ಖುಷಿ ಒಂದು ವಾರ. ಮುಂದಿನ ಪಂದ್ಯ ಮಿಷಿಗನ್ ಯೂನಿವರ್ಸಿಟಿ ಜೊತೆ. ಅಲ್ಲಿಗೂ ನೌಕಾಪಡೆಯ ಯೋಜನೆ ಬಂದಿತ್ತು, ವಿಸ್ಕಾನ್ಸಿನ್ ಯೂನಿವರ್ಸಿಟಿಯ ತಾರೆ ಎಲ್ರಾಯ್ ಹಿರ್ಶ್‌ನಂಥವರೂ ಆ ವರ್ಷ ಮಿಷಿಗನ್ ಪಾಲಾಗಿದ್ದರು. 45-7ರಿಂದ ಓಹಾಯೋ ಸೋತಿತು. ಹೀಗೆ ಮೂರು ಗೆಲುವು, ಆರು ಸೋಲಿನೊಂದಿಗೆ ಸೀಸನ್ ಮುಗಿಯಿತು. ಪುಸ್ತಕದಲ್ಲಿ ನೋಡಿದರೆ ಚಾಂಪಿಯನ್ನರು ಒಂದೇ ವರ್ಷದಲ್ಲಿ ಹಾಳಾದರು ಅನಿಸುತ್ತದೆ. ನನಗೆ ಆ ಲೆಕ್ಕ ಅನ್ಯಾಯ ಅನಿಸುತ್ತದೆ. ಎದುರಿಗೆ ಇದ್ದವರು ತಮಗಿಂತ ದೊಡ್ಡವರು, ಪಳಗಿದವರು ಅಂತ ಗೊತ್ತಿದ್ದೂ ಈ ಹುಡುಗರು ಪ್ರತಿ ಶನಿವಾರ ಇಳಿದರು. 18 ತುಂಬಿದ ಕೂಡಲೇ ಕರೆ ಬರುತ್ತದೆ ಅನ್ನುವುದೂ ಅವರಿಗೆ ಗೊತ್ತಿತ್ತು.

1944ರಲ್ಲಿ ಪಾಲ್ ಬ್ರೌನ್ ನೌಕಾಪಡೆಗೆ ಹೋದರು. ಅವರ ಸಹಾಯಕ ಕ್ಯಾರೊಲ್ ವಿಡೋಸ್ ಕೋಚ್ ಆದರು. ಸೇನೆಯಿಂದ ಬಿಡುಗಡೆಯಾದ ಹೊರ್ವತ್, ಯುದ್ಧಕಾಲದ ಸಡಿಲಿಕೆಯಿಂದ ಇನ್ನೊಂದು ವರ್ಷ ಆಡಲು ಬಂದರು. ಸುತ್ತ ಎಳೆಯ ಹುಡುಗರು, ನಡುವೆ ದಂತವೈದ್ಯ ಓದುವ ಈ ಹಿರಿಯ. ಒಂಬತ್ತಕ್ಕೆ ಒಂಬತ್ತೂ ಗೆದ್ದರು. ಕೊನೆಯ ಪಂದ್ಯ ಮಿಷಿಗನ್ ಜೊತೆಯೇ ಇತ್ತು. 18-14. ಗೆಲುವಿನ ಟಚ್‌ಡೌನ್, ಅಂದರೆ ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸಿ ಪಡೆದ ಅಂಕ, ಹೊರ್ವತ್ ಅವರದು. ಕಾಲೇಜು ಫುಟ್‌ಬಾಲ್‌ನ ಅತ್ಯುನ್ನತ ಗೌರವವಾದ ಹೈಸ್ಮನ್ ಟ್ರೋಫಿ ಆ ವರ್ಷ ಅವರಿಗೇ ಬಂತು.

ನಮಸ್ಕಾರ.