ಹಳೆಯ ಜೀಪಿನ ಅಡಿಭಾಗ

ಕೇಳುಗರೆಲ್ಲರಿಗೂ ನಮಸ್ಕಾರ.

ವಾಸ್ಕೋದಲ್ಲಿರುವ ನನ್ನ ಅಕ್ಕನ ಮಗ ಮೊನ್ನೆ ಫೋನ್ ಮಾಡಿದ. ‘ಮಾಮಾ, ಫೋರ್ ವೀಲ್ ಡ್ರೈವ್ ಜೀಪೊಂದು ಮಾರಾಟಕ್ಕಿದೆ. ನನ್ನ ಮೊದಲ ಗಾಡಿ ಅದೇ ಆಗಬೇಕೆಂಬ ಆಸೆ. ಆದರೆ 1,70,000 ಕಿಲೋಮೀಟರ್ ಓಡಿದೆಯಲ್ಲ, ತೆಗೆದುಕೊಳ್ಳಬಹುದೇ?’ ಎಷ್ಟು ಓಡಿದೆ ಎಂಬುದನ್ನು ಬಿಟ್ಟು, ಎಲ್ಲಿ ಓಡಿದೆ ಎಂದು ಕೇಳಿದೆ. ಅವನಿಗೆ ಗೊತ್ತಿರಲಿಲ್ಲ.

ಹುಬ್ಬಳ್ಳಿ-ಬೆಳಗಾವಿ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಓಡಿ, ಹೊತ್ತಿಗೆ ಸರಿಯಾಗಿ ಆಯಿಲ್ ಬದಲಾಯಿಸಿಕೊಂಡ ಡೀಸೆಲ್ ಎಂಜಿನ್ನಿಗೆ ಅಷ್ಟು ದೂರ ದೊಡ್ಡದಲ್ಲ. ಗೋವಾದಲ್ಲಿ ನಾವು ಹೆದರಬೇಕಾದದ್ದು ತುಕ್ಕಿಗೆ. ಕಡಲ ಗಾಳಿಯಲ್ಲಿ ಉಪ್ಪಿದೆ, ನಾಲ್ಕು ತಿಂಗಳು ಬಿಡದ ಮಳೆಯಿದೆ. ಗಾಡಿಯ ಕಬ್ಬಿಣದ ಅಡಿಚೌಕಟ್ಟಾದ ಚಾಸಿಯ ಒಳಮೂಲೆಗಳಲ್ಲಿ ಕೂತ ಕೆಂಪು ಮಣ್ಣು ಆ ತೇವವನ್ನು ಹಿಡಿದಿಟ್ಟುಕೊಂಡು ಕಬ್ಬಿಣವನ್ನು ತಿನ್ನುತ್ತದೆ.

ಇದನ್ನು ನಾನು ಕಲಿತದ್ದು ನನ್ನ ಮೊದಲ ಜೀಪಿನಿಂದ. ಮಡಗಾಂವಿನಲ್ಲಿ ಕೊಂಡಾಗ ಅದರ ಚಾಸಿಗೆ ಹೊಸದಾಗಿ ಕಪ್ಪು ಬಣ್ಣ ಹೊಡೆದಿದ್ದರು. ಎಷ್ಟು ಚೆನ್ನಾಗಿ ನೋಡಿಕೊಂಡಿದ್ದಾರೆ ಎಂದು ಸಂತೋಷಪಟ್ಟೆ. ಮೊದಲ ಮಳೆಗಾಲದಲ್ಲಿ ಹೆಂಡತಿ ಮಕ್ಕಳೊಡನೆ ಊರಿಗೆ ಹೊರಟು ಅನಮೋಡ ಘಾಟಿ ಹತ್ತುತ್ತಿದ್ದಾಗ, ಹಿಂದಿನ ಪಾಟಾ, ಅಂದರೆ ಪಟ್ಟಿ ಸ್ಪ್ರಿಂಗ್, ಚಾಸಿಗೆ ಕೂಡಿಕೊಳ್ಳುವ ಜಾಗವೇ ಬಿರಿಯಿತು. ಗಾಡಿ ಒಂದು ಕಡೆಗೆ ವಾಲಿ ನಿಂತಿತು. ವೆಲ್ಡಿಂಗಿನವರು ಸ್ಕ್ರೂಡ್ರೈವರ್ ಒತ್ತಿದರೆ ಅದು ಬಣ್ಣವನ್ನು ದಾಟಿ ಸೀದಾ ಒಳಗೆ ಹೋಯಿತು. ಆ ಮಳೆಯಲ್ಲಿ ಮಕ್ಕಳನ್ನು ಮೈಗೆ ಒತ್ತಿಕೊಂಡು ರಸ್ತೆಯಂಚಿನಲ್ಲಿ ನಿಂತದ್ದನ್ನು ನಾನು ಮರೆತಿಲ್ಲ.

ಆದ್ದರಿಂದ ಹೊಸ ಕಪ್ಪು ಬಣ್ಣ ಕಂಡರೆ ಅನುಮಾನಪಡಿ. ಗೋಣಿಚೀಲ ಹಾಸಿಕೊಂಡು ಗಾಡಿಯ ಕೆಳಗೆ ಮಲಗಿ, ಟಾರ್ಚ್ ಹಿಡಿದು, ಚಾಸಿಯನ್ನು ಉದ್ದಕ್ಕೂ ಸ್ಪ್ಯಾನರಿನಿಂದ ತಟ್ಟುತ್ತಾ ಹೋಗಿ. ಗಟ್ಟಿ ಕಬ್ಬಿಣ ಠಣ್ಣೆನ್ನುತ್ತದೆ. ಕೊಳೆತದ್ದು ಮಂಕಾಗಿ ಸದ್ದು ಮಾಡುತ್ತದೆ. ಪಾಟಾ ಕೂಡುವ ಜಾಗ, ಬ್ರೇಕಿನ ಕೊಳವೆಗಳು, ಕಾಲಡಿಯ ತಗಡು, ಇವನ್ನು ಎರಡೆರಡು ಸಲ ನೋಡಿ.

ನೀರು ಇನ್ನೊಂದು ದಾರಿಯಿಂದಲೂ ಒಳಹೋಗುತ್ತದೆ. ಕುಳೆಂನಿಂದ ದೂಧಸಾಗರಕ್ಕೆ ಪ್ರವಾಸಿಗರನ್ನು ಒಯ್ಯುವ ಜೀಪುಗಳು ಹೊಳೆ ದಾಟುವುದನ್ನು ನೀವು ನೋಡಿರಬಹುದು. ಹಾಗೆ ನೀರಿಗಿಳಿದ ಗಾಡಿಯಲ್ಲಿ, ಚಕ್ರಗಳ ನಡುವಿನ ಗೇರುಗಳ ಪೆಟ್ಟಿಗೆಯಾದ ಡಿಫರೆನ್ಶಿಯಲ್‌ನ ಆಯಿಲನ್ನು ಒಂದಿಷ್ಟು ತೆಗೆಸಿ ನೋಡಿ. ಹಾಲು ಬೆರೆಸಿದ ಚಹಾದ ಬಣ್ಣವಿದ್ದರೆ ನೀರು ಸೇರಿದೆ ಎಂದೇ ಅರ್ಥ. ಅಂಥ ಆಯಿಲಿನಲ್ಲಿ ಓಡಿದ ಬೇರಿಂಗುಗಳು ಹೆಚ್ಚು ದಿನ ಬಾಳುವುದಿಲ್ಲ.

ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಬಲ ಕೊಡುವ ಫೋರ್ ವೀಲ್ ಗೇರನ್ನು ಡಾಂಬರು ರಸ್ತೆಯಲ್ಲಿ ಪರೀಕ್ಷಿಸಬೇಡಿ. ಹಳೆಯ ಜೀಪುಗಳಲ್ಲಿ ಆ ಗೇರು ಹಾಕಿದಾಗ ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳು ಒಂದೇ ವೇಗದಲ್ಲಿ ತಿರುಗಲೇಬೇಕು. ತಿರುವಿನಲ್ಲಿ ಮುಂದಿನ ಚಕ್ರಗಳು ಹೆಚ್ಚು ದೂರ ಕ್ರಮಿಸುತ್ತವೆ. ಸಡಿಲ ಮಣ್ಣಾದರೆ ಚಕ್ರ ಜಾರಿ ಸರಿಹೋಗುತ್ತದೆ. ಡಾಂಬರಿನ ಮೇಲೆ ಆ ಬಿಗಿತವೆಲ್ಲ ಗೇರುಗಳ ಮೇಲೆ ಬೀಳುತ್ತದೆ. ಮಣ್ಣಿನ ಮೈದಾನಕ್ಕೆ ಒಯ್ದು, ನಿಧಾನವಾಗಿ ಹೆಚ್ಚು ಬಲದಿಂದ ಎಳೆಯುವ ಲೋ ಗೇರೂ ಬೀಳುತ್ತದೆಯೇ ನೋಡಿ. ವರ್ಷಗಟ್ಟಲೆ ಬಳಸದೆ ಆ ಲಿವರ್ ಬಿಗಿದುಕೊಂಡಿರುವ ಗಾಡಿಗಳೇ ಹೆಚ್ಚು.

ಕಾಗದದ ವಿಷಯ ಚಿಕ್ಕದು, ಬಿಡುವಂಥದ್ದಲ್ಲ. ಕಪ್ಪು ನಂಬರ್ ಫಲಕದ ಮೇಲೆ ಹಳದಿ ಅಕ್ಷರವಿದ್ದರೆ ಅದು ಪ್ರವಾಸಿಗರು ತಾವೇ ಓಡಿಸಲು ಬಾಡಿಗೆಗೆ ಪಡೆಯುವ ಗಾಡಿ. ಈಗ ಬಿಳಿ ಫಲಕವಿದ್ದರೂ, ಮೊದಲು ಬಾಡಿಗೆಗೆ ಓಡಿತ್ತೇ ಎಂದು ಕೇಳಿ. ನೂರು ಕೈಗಳಲ್ಲಿ ಸವೆದ ಕ್ಲಚ್ ಬೇರೆ, ಒಬ್ಬರೇ ಓಡಿಸಿದ ಕ್ಲಚ್ ಬೇರೆ. ಖಾಸಗಿ ಗಾಡಿಯ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು. ಕರ್ನಾಟಕದಿಂದ ತರುವುದಾದರೆ ಅಲ್ಲಿನ ಆರ್‌ಟಿಒದಿಂದ ನಿರಾಕ್ಷೇಪಣಾ ಪತ್ರ ಬೇಕು. ಇಲ್ಲಿನ ರಸ್ತೆ ತೆರಿಗೆಯನ್ನೂ ಬೆಲೆಗೆ ಸೇರಿಸಿಯೇ ಲೆಕ್ಕ ಹಾಕಿ. ಒಡೆತನ ಬದಲಾವಣೆಯ ನಮೂನೆ 29 ಮತ್ತು 30ಕ್ಕೆ ಸಹಿಯಾಗದೆ ಪೂರ್ತಿ ಹಣ ಕೊಡಬೇಡಿ.

ಕೈಯಲ್ಲಿರುವ ದುಡ್ಡನ್ನೆಲ್ಲ ಗಾಡಿಗೇ ಸುರಿಯಬೇಡ, ಕಾಲುಭಾಗವನ್ನು ಟೈರು, ಕ್ಲಚ್, ಬುಷ್‌ಗಳಿಗೆಂದು ಎತ್ತಿಡು ಎಂದು ಅಳಿಯನಿಗೆ ಹೇಳಿದ್ದೇನೆ. ಭಾನುವಾರ ಬೆಳಿಗ್ಗೆ ನಾವಿಬ್ಬರೂ ಆ ಜೀಪನ್ನು ನೋಡಲು ಹೋಗುತ್ತಿದ್ದೇವೆ. ನಾವು ಬರುವ ಮೊದಲು ಎಂಜಿನ್ ಸ್ಟಾರ್ಟ್ ಮಾಡಬೇಡಿ, ಅಡಿಭಾಗವನ್ನು ತೊಳೆಯಲೂ ಬೇಡಿ ಎಂದು ಮಾಲೀಕರಿಗೆ ತಿಳಿಸಿಯಾಗಿದೆ. ತಣ್ಣಗಿರುವ ಎಂಜಿನ್ ಹೇಗೆ ಸ್ಟಾರ್ಟ್ ಆಗುತ್ತದೆ, ತೊಳೆಯದ ಅಡಿಭಾಗ ಹೇಗಿದೆ ಎಂದು ನಾವೇ ನೋಡಬೇಕಲ್ಲ.