ಚರ್ಚಿನ ಕ್ಯಾಂಪು: ಜಾಗ ಯಾರದು, ಬುಕಿಂಗ್ ಯಾರಿಗೆ?

ಕೇಳುಗರಿಗೆ ನಮಸ್ಕಾರ.

ಅಮೆರಿಕದ ನ್ಯೂಜೆರ್ಸಿ ರಾಜ್ಯದಲ್ಲಿ, ಅಟ್ಲಾಂಟಿಕ್ ಕಡಲ ದಡದಲ್ಲಿ ಓಷನ್ ಗ್ರೋವ್ ಅಂತ ಒಂದು ಚಿಕ್ಕ ಊರಿದೆ. ಊರ ನಡುವೆ ಒಂದು ಭಾರಿ ಸಭಾಂಗಣ. 1894ರಲ್ಲಿ ಕಟ್ಟಿದ್ದು. ಅದರ ಅಕ್ಕಪಕ್ಕ ಸಾಲಾಗಿ 114 ಟೆಂಟುಗಳು. ಮುಂದೆ ಕ್ಯಾನ್ವಾಸ್ ಬಟ್ಟೆ, ಹಿಂದೆ ಅಡುಗೆಗೆ, ಸ್ನಾನಕ್ಕೆ ಒಂದು ಮರದ ಗೂಡು. ಮೇ ತಿಂಗಳಲ್ಲಿ ಬಟ್ಟೆ ಕಟ್ಟುತ್ತಾರೆ, ಸೆಪ್ಟೆಂಬರಿನಲ್ಲಿ ಬಿಚ್ಚಿಡುತ್ತಾರೆ. ಈ ಬಟ್ಟೆಮನೆಯಲ್ಲಿ ಬೇಸಿಗೆ ಕಳೆಯಬೇಕು ಅಂತ ಜನ ಹೆಸರು ಬರೆಸಿ ವರ್ಷಗಟ್ಟಲೆ ಕಾಯುತ್ತಾರೆ. ದುಡ್ಡು ಇದ್ದರೆ ಸಾಲದು, ಸರದಿ ಬರಬೇಕು.

ಈ ಜಾಗ ಮೆಥಡಿಸ್ಟ್ ಕ್ರೈಸ್ತರು 1869ರಲ್ಲಿ ಕಟ್ಟಿಕೊಂಡ ಒಂದು ಸಂಘದ್ದು. ಟೆಂಟುಗಳಷ್ಟೇ ಅಲ್ಲ, ಊರಿನ ನೆಲವೇ ಸಂಘದ್ದು. ಅಲ್ಲಿ ನೀವು ಮನೆ ಕೊಳ್ಳಬಹುದು, ಮನೆಯ ಕೆಳಗಿನ ನೆಲ ಕೊಳ್ಳುವ ಹಾಗಿಲ್ಲ. ಅದು 99 ವರ್ಷದ ಗುತ್ತಿಗೆ.

ಚರ್ಚುಗಳು ನಡೆಸುವ ಇಂಥ ಕ್ಯಾಂಪುಗಳಿಗೆ, ಅಂದರೆ ಮಕ್ಕಳು, ಹದಿಹರೆಯದವರು, ಕುಟುಂಬಗಳು ಬಂದು ಉಳಿಯುವ ಜಾಗಗಳಿಗೆ, ಇರುವ ನಿಯಮಗಳ ಬಗ್ಗೆ ಇವತ್ತು ಮಾತಾಡೋಣ. ನಿಯಮ ಅಂದ ಕೂಡಲೇ ಒಣ ವಿಷಯ ಅನ್ನಿಸಬಹುದು. ನನಗೆ ಹಾಗನ್ನಿಸುವುದಿಲ್ಲ. ಒಂದು ಚರ್ಚು ತನ್ನ ಜಾಗ ಯಾರಿಗಾಗಿ ಇದೆ ಅಂದುಕೊಂಡಿದೆ ಅನ್ನುವುದು ಪ್ರಸಂಗ ಕೇಳಿದರೆ ಗೊತ್ತಾಗುವುದಿಲ್ಲ. ಬುಕಿಂಗ್ ರಿಜಿಸ್ಟರ್ ನೋಡಿದರೆ ಗೊತ್ತಾಗುತ್ತದೆ.

ಇದರ ಬೇರು ಹಳೆಯದು. 1801ರ ಆಗಸ್ಟಿನಲ್ಲಿ ಕೆಂಟಕಿ ರಾಜ್ಯದ ಕೇನ್ ರಿಡ್ಜ್ ಅನ್ನುವ ಕಡೆ ಸಾವಿರಾರು ಜನ ಸೇರಿದರು. ಆಗ ಅದು ಗಡಿಸೀಮೆ. ಒಂದು ಹೊಲದ ಮನೆಗೂ ಇನ್ನೊಂದಕ್ಕೂ ಮೈಲಿಗಟ್ಟಲೆ ದೂರ. ಪ್ರಾರ್ಥನೆಗೆ ಬಂದವರು ಸಂಜೆ ಮನೆಗೆ ಹೋಗಿ ಬೆಳಗ್ಗೆ ವಾಪಸ್ ಬರಲು ಆಗುತ್ತಿರಲಿಲ್ಲ. ಗಾಡಿ ಬಿಚ್ಚಿ ಅಲ್ಲೇ ಮಲಗಿದರು. ಹಾಗೆ ಬೇರೂರಿದ್ದು ಕ್ಯಾಂಪ್ ಮೀಟಿಂಗ್ ಅನ್ನುವ ಪದ್ಧತಿ. ಆಮೇಲೆ ಖಾಯಂ ಜಾಗಗಳು ಬಂದವು. ಮ್ಯಾಸಚೂಸೆಟ್ಸ್ ರಾಜ್ಯದ ಮಾರ್ಥಾಸ್ ವಿನ್‌ಯಾರ್ಡ್ ದ್ವೀಪದಲ್ಲಿ ಮೆಥಡಿಸ್ಟರು 1835ರಲ್ಲಿ ವೆಸ್ಲಿಯನ್ ಗ್ರೋವ್ ಅಂತ ಒಂದು ಓಕ್ ತೋಪಿನಲ್ಲಿ ಶಿಬಿರ ಶುರು ಮಾಡಿದರು. ಮೊದಮೊದಲು ಒಂದೊಂದು ಊರಿನ ಸಭೆಗೆ, ಅಂದರೆ ಆ ಊರಿನ ಚರ್ಚಿನ ಬಳಗಕ್ಕೆ, ಒಂದೊಂದು ದೊಡ್ಡ ಟೆಂಟು. ಒಳಗೆ ನಡುವೆ ಒಂದು ಪರದೆ. ಈ ಕಡೆ ಗಂಡಸರು, ಆ ಕಡೆ ಹೆಂಗಸರು. ರಾತ್ರಿ ಯಾರು ಎಲ್ಲಿ ಮಲಗಬೇಕು ಅನ್ನುವುದು ಆಗಲೇ ನಿಯಮವಾಗಿತ್ತು ನೋಡಿ. ಬರುಬರುತ್ತಾ ಕುಟುಂಬಗಳು ತಮ್ಮದೇ ಟೆಂಟು ಹಾಕಿಕೊಂಡವು. ಆಮೇಲೆ ಟೆಂಟು ಇದ್ದ ಜಾಗದಲ್ಲಿ ಬಣ್ಣಬಣ್ಣದ ಮರದ ಪುಟ್ಟ ಮನೆಗಳು ಎದ್ದವು. ಮುನ್ನೂರರಷ್ಟು ಮನೆಗಳು ಈಗಲೂ ಇವೆ. ಅಲ್ಲೂ ಅಷ್ಟೇ, ಮನೆ ನಿಮ್ಮದು, ನೆಲ ಸಂಘದ್ದು.

ಈಗ ಪಶ್ಚಿಮಕ್ಕೆ, ಯೂಟಾ ರಾಜ್ಯಕ್ಕೆ ಬರೋಣ. ಲ್ಯಾಟರ್ ಡೇ ಸೇಂಟ್ಸ್ ಚರ್ಚು, ಅಂದರೆ ಹೊರಗಿನವರು ಮಾರ್ಮನ್ನರು ಅಂತ ಕರೆಯುತ್ತಿದ್ದವರ ಚರ್ಚು, ಅಲ್ಲಿ ತುಂಬ ದೊಡ್ಡದು. ಹೀಬರ್ ಕಣಿವೆಯಲ್ಲಿ ಅವರಿಗೆ ಸಾವಿರಾರು ಎಕರೆಯ ಒಂದು ಕ್ಯಾಂಪಿದೆ. ಬೇಸಿಗೆಯಲ್ಲಿ ಹದಿಹರೆಯದ ಹುಡುಗಿಯರ ಶಿಬಿರಗಳು ಒಂದರ ಹಿಂದೆ ಒಂದು ನಡೆಯುತ್ತವೆ. ಈ ಚರ್ಚಿನಲ್ಲಿ ಊರಿನ ಸಭೆಗೆ ವಾರ್ಡ್ ಅನ್ನುತ್ತಾರೆ, ಹಲವು ವಾರ್ಡುಗಳು ಸೇರಿದರೆ ಸ್ಟೇಕ್. ವಾರ್ಡಿನ ಮುಖ್ಯಸ್ಥ ಬಿಷಪ್. ಆದರೆ ಅವರು ಸಂಬಳದ ಪಾದ್ರಿ ಅಲ್ಲ. ವಾರದ ದಿನ ಬ್ಯಾಂಕಿನಲ್ಲೋ ಆಸ್ಪತ್ರೆಯಲ್ಲೋ ಕೆಲಸ ಮಾಡುವ ಮನುಷ್ಯ. ಕ್ಯಾಂಪು ನೋಡಿಕೊಳ್ಳುವವರೂ ಬಹಳ ಕಡೆ ಹಾಗೆಯೇ. ನಿವೃತ್ತರಾದ ಗಂಡ ಹೆಂಡತಿ ಸೇವೆ ಅಂತ ಬೇಸಿಗೆ ಪೂರ್ತಿ ಬಂದು ಇರುತ್ತಾರೆ. ಬಂದ ಗುಂಪನ್ನು ಎದುರುಗೊಳ್ಳುವುದು, ಒಡೆದ ಪೈಪು ಸರಿಮಾಡುವುದು, ಬೀಗದ ಕೈ ಎಣಿಸುವುದು, ಎಲ್ಲ ಅವರೇ.

ಇಲ್ಲಿ ಮೊದಲ ಪ್ರಶ್ನೆ ತಾರೀಕಿನದು. ಮದುವೆ ಛತ್ರಕ್ಕೆ ಮಾಘ, ಫಾಲ್ಗುಣ ಇದ್ದ ಹಾಗೆ ಈ ಕ್ಯಾಂಪುಗಳಿಗೆ ಜೂನ್, ಜುಲೈ. ಶಾಲೆಗೆ ರಜೆ ಇರುವ ಹತ್ತು ವಾರ ಮಾತ್ರ ಎಲ್ಲರಿಗೂ ಬೇಕು. ಹಾಗಾಗಿ ಚರ್ಚಿನ ಕ್ಯಾಂಪುಗಳಲ್ಲಿ ಸಾಮಾನ್ಯವಾಗಿ ಸಭೆಗಳ ಗುಂಪಿಗೆ ಮೊದಲ ಮಣೆ. ಉಳಿದ ದಿನಗಳು ಕುಟುಂಬಗಳಿಗೆ. ಒಬ್ಬರು ಫೋನು ಮಾಡಿ ಇಡೀ ಜುಲೈ ಹಿಡಿದಿಟ್ಟುಕೊಂಡು, ಕೊನೆಯ ವಾರ ಬೇಡ ಅಂದರೆ ಇನ್ನೊಂದು ಊರಿನ ಮಕ್ಕಳ ಶಿಬಿರ ಹಾಳಾಯಿತು ಅಲ್ವಾ? ಅದಕ್ಕೇ ಮುಂಗಡ ಠೇವಣಿ, ರದ್ದು ಮಾಡಲು ಗಡುವು, ಗುಂಪಿಗೆ ಒಬ್ಬರೇ ಜವಾಬ್ದಾರರು ಅನ್ನುವ ಷರತ್ತು ಬಹಳ ಕಡೆ ಇರುತ್ತವೆ. ಈ ಚರ್ಚಿನಲ್ಲಿ ಭಾನುವಾರ ಶಿಬಿರಕ್ಕೆ ಹೋಗುವ, ಬರುವ ಪ್ರಯಾಣ ಮಾಡುವ ಹಾಗಿಲ್ಲ. ಆದ್ದರಿಂದ ಶನಿವಾರದೊಳಗೆ ಟೆಂಟು ಬಿಚ್ಚಲೇಬೇಕು.

ದುಡ್ಡಿನ ವಿಷಯದಲ್ಲೂ ಒಂದು ಕಟ್ಟುನಿಟ್ಟು ಇದೆ. ವಾರ್ಡಿನ ಖರ್ಚಿಗೆ ವರ್ಷದ ಬಜೆಟ್ ಇರುತ್ತದೆ. ಶಿಬಿರಕ್ಕೆ ಅದು ಸಾಲದಿದ್ದರೆ ಬರುವವರಿಂದ ಸ್ವಲ್ಪ ಹಣ ಕೇಳಬಹುದು. ಅದೂ ಸಾಲದಿದ್ದರೆ ವರ್ಷಕ್ಕೆ ಒಂದೇ ಒಂದು ಸಲ ಹಣ ಕೂಡಿಸುವ ಕಾರ್ಯಕ್ರಮ. ಒಂದೇ ಸಲ ಅನ್ನುವುದು ಒಳ್ಳೆಯದು ಅಂತ ನನಗನ್ನಿಸುತ್ತದೆ. ಇಲ್ಲದಿದ್ದರೆ ಮಕ್ಕಳು ವರ್ಷವಿಡೀ ಕೇಕು ಮಾರುತ್ತಾ ಇರಬೇಕಾಗುತ್ತದೆ.

ಇನ್ನು ರಾತ್ರಿಯ ವಿಷಯ. ಈ ಚರ್ಚಿನ ಕೈಪಿಡಿಯ ಪ್ರಕಾರ ಮಕ್ಕಳು ಅಥವಾ ಯುವಕರು ಇರುವ ಯಾವುದೇ ಕಾರ್ಯಕ್ರಮದಲ್ಲಿ ಕಡಿಮೆ ಅಂದರೂ ಇಬ್ಬರು ಜವಾಬ್ದಾರಿಯುತ ದೊಡ್ಡವರು ಇರಬೇಕು. ಮಗು ದೊಡ್ಡವರ ಟೆಂಟಿನಲ್ಲಿ ಮಲಗುವಂತಿಲ್ಲ. ಎರಡೇ ವಿನಾಯಿತಿ. ಆ ದೊಡ್ಡವರು ಮಗುವಿನ ತಂದೆ, ತಾಯಿ ಅಥವಾ ಪೋಷಕರಾಗಿರಬೇಕು. ಇಲ್ಲವೇ ಆ ಟೆಂಟಿನಲ್ಲಿ ಮಗುವಿನದೇ ಲಿಂಗದ ಇಬ್ಬರು ದೊಡ್ಡವರು ಇರಬೇಕು. ಮಕ್ಕಳ ಜೊತೆ ಕೆಲಸ ಮಾಡುವವರು ಮೂರು ವರ್ಷಕ್ಕೊಮ್ಮೆ ಮಕ್ಕಳ ರಕ್ಷಣೆಯ ತರಬೇತಿ ಮುಗಿಸಬೇಕು. ಅಪ್ಪ ಅಮ್ಮ ಸಹಿ ಮಾಡಿದ ಒಪ್ಪಿಗೆ ಪತ್ರದಲ್ಲಿ ಮಗುವಿನ ಅಲರ್ಜಿ, ಔಷಧಿ ಎಲ್ಲ ಬರೆದಿರಬೇಕು. ಇನ್ನೊಂದು ಮಾತು. ಪ್ರಾರ್ಥನಾ ಮಂದಿರದ ಕಟ್ಟಡದಲ್ಲಾಗಲಿ ಅದರ ಅಂಗಳದಲ್ಲಾಗಲಿ ರಾತ್ರಿ ಉಳಿಯುವ ಕಾರ್ಯಕ್ರಮ ಮಾಡಲು ಇವರು ಬಿಡುವುದಿಲ್ಲ. ರಾತ್ರಿ ಉಳಿಯಬೇಕಾದರೆ ಅದಕ್ಕೆ ತಕ್ಕ ಜಾಗಕ್ಕೇ ಹೋಗಬೇಕು.

ಇಷ್ಟೊಂದು ಅನುಮಾನ ಯಾಕೆ ಅಂತ ಕೆಲವರಿಗೆ ಬೇಜಾರಾಗುತ್ತದೆ. ಊರಿಗೆಲ್ಲ ಗೊತ್ತಿರುವ ಒಳ್ಳೆಯ ಮೇಷ್ಟ್ರ ಮೇಲೂ ಕಣ್ಣಿಡಬೇಕಾ ಅಂತ. ಆದರೆ ಈ ನಿಯಮಗಳು ಸುಮ್ನೆ ಬಂದದ್ದಲ್ಲ. ಅಮೆರಿಕದ ಬಾಯ್ ಸ್ಕೌಟ್ಸ್ ಸಂಸ್ಥೆ 2020ರ ಫೆಬ್ರವರಿಯಲ್ಲಿ ದಿವಾಳಿ ಅರ್ಜಿ ಹಾಕಿತು. ಚಿಕ್ಕವರಿದ್ದಾಗ ತಮ್ಮ ಮೇಲೆ ಲೈಂಗಿಕ ದೌರ್ಜನ್ಯ ನಡೆಯಿತು ಅಂತ 82,000ಕ್ಕೂ ಹೆಚ್ಚು ಜನ ಆ ಪ್ರಕರಣದಲ್ಲಿ ಮುಂದೆ ಬಂದರು. ಸ್ಕೌಟ್ ದಳಗಳನ್ನು ಊರೂರಲ್ಲಿ ನಡೆಸುತ್ತಿದ್ದವರಲ್ಲಿ ಚರ್ಚುಗಳೇ ಬಹಳ. ಲ್ಯಾಟರ್ ಡೇ ಸೇಂಟ್ಸ್ ಚರ್ಚಿಗೂ ಸ್ಕೌಟ್ಸಿಗೂ 1913ರಿಂದ ನಂಟಿತ್ತು, ಅದು 2019ರ ಕೊನೆಗೆ ಮುಗಿಯಿತು. ಮೆಥಡಿಸ್ಟರು ಚರ್ಚಿನಲ್ಲಿ ಮಕ್ಕಳ ರಕ್ಷಣೆಗೆ ಅಂತ 1996ರಲ್ಲೇ ನಿರ್ಣಯ ಮಾಡಿದ್ದರು. ಇಬ್ಬರು ಇರಬೇಕು ಅನ್ನುವ ನಿಯಮ ಕೆಟ್ಟವನನ್ನು ತಡೆಯುತ್ತದೆ, ಒಳ್ಳೆಯವನ ಮೇಲೆ ಸುಳ್ಳು ದೂರು ಬರದ ಹಾಗೂ ಕಾಯುತ್ತದೆ. ಒಳ್ಳೆಯ ಮೇಷ್ಟ್ರಿಗೆ ಇದರಿಂದ ನಷ್ಟವಿಲ್ಲ. ನಮ್ಮಲ್ಲೂ 2012ರ ಪೋಕ್ಸೋ ಕಾಯ್ದೆ ಇದೆ. ಅದು ಶಾಲೆಗೂ ಅನ್ವಯ, ಯಾವ ಧರ್ಮದ ಶಿಬಿರಕ್ಕೂ ಅನ್ವಯ.

ಎಷ್ಟು ಮಕ್ಕಳಿಗೆ ಎಷ್ಟು ದೊಡ್ಡವರು? ಅಮೆರಿಕನ್ ಕ್ಯಾಂಪ್ ಅಸೋಸಿಯೇಷನ್ ಅನ್ನುವ ಸಂಸ್ಥೆ ಇದಕ್ಕೆ ಒಂದು ಅಳತೆ ಇಟ್ಟಿದೆ. ರಾತ್ರಿ ಉಳಿಯುವ ಶಿಬಿರದಲ್ಲಿ 6ರಿಂದ 8 ವರ್ಷದ ಆರು ಮಕ್ಕಳಿಗೆ ಒಬ್ಬರು. 9ರಿಂದ 14 ವರ್ಷದವರಾದರೆ ಎಂಟಕ್ಕೆ ಒಬ್ಬರು. ಅದಕ್ಕಿಂತ ದೊಡ್ಡವರಾದರೆ ಹತ್ತಕ್ಕೆ ಒಬ್ಬರು. ಇದು ಕಾನೂನಲ್ಲ, ಮಾನ್ಯತೆ ಬೇಕಾದವರು ಒಪ್ಪಿಕೊಳ್ಳುವ ಮಾನದಂಡ.

ಅಪಾಯ ಮನುಷ್ಯರಿಂದಲೇ ಬರಬೇಕು ಅಂತೇನಿಲ್ಲ. 2025ರ ಜುಲೈ 4ರ ನಸುಕಿನಲ್ಲಿ ಟೆಕ್ಸಸ್‌ನ ಗ್ವಾಡಲೂಪೆ ನದಿ ಉಕ್ಕಿತು. ನದಿ ಪಕ್ಕದ ಕ್ಯಾಂಪ್ ಮಿಸ್ಟಿಕ್ ಅನ್ನುವ ಹುಡುಗಿಯರ ಕ್ರೈಸ್ತ ಶಿಬಿರದಲ್ಲಿ 27 ಹುಡುಗಿಯರು ಸತ್ತರು, ಅವರಲ್ಲಿ ಇಬ್ಬರು ಕೌನ್ಸೆಲರ್‌ಗಳು, ಅಂದರೆ ಶಿಬಿರದ ಮಕ್ಕಳನ್ನು ನೋಡಿಕೊಳ್ಳುತ್ತಿದ್ದವರು. ಅದು ಚರ್ಚಿನ ಆಸ್ತಿ ಅಲ್ಲ, ಖಾಸಗಿ ಕ್ಯಾಂಪು. ಆದರೆ ಅದರ ಬಿಸಿ ಎಲ್ಲ ಕ್ಯಾಂಪುಗಳಿಗೂ ತಟ್ಟಿತು. ನೆರೆ ಬರುವ ಬಯಲಿನಲ್ಲಿ ಮಕ್ಕಳ ಕ್ಯಾಬಿನ್ ಇರಬಾರದು, ತುರ್ತಿನಲ್ಲಿ ಏನು ಮಾಡಬೇಕು ಅನ್ನುವ ಯೋಜನೆ ಮೊದಲೇ ಇರಬೇಕು ಅಂತ ಟೆಕ್ಸಸ್ ಅದೇ ವರ್ಷ ಕಾನೂನು ಮಾಡಿತು. ಕ್ಯಾಂಪು ಬುಕ್ ಮಾಡುವವರು ಹಾಸಿಗೆ ಎಷ್ಟು, ಈಜುಕೊಳ ಇದೆಯಾ ಅಂತ ಕೇಳುತ್ತಾರೆ. ಮಲಗುವ ಜಾಗ ನದಿಯಿಂದ ಎಷ್ಟು ಎತ್ತರದಲ್ಲಿದೆ, ರಾತ್ರಿ ಸೈರನ್ ಕೇಳುತ್ತದಾ ಅಂತ ಕೇಳುವವರು ಕಡಿಮೆ. ಕೇಳಬೇಕು.

ಸಣ್ಣಪುಟ್ಟ ನಿಯಮಗಳು ನೂರಿವೆ, ಅವನ್ನೆಲ್ಲ ಇಲ್ಲಿ ಓದುವುದಿಲ್ಲ. ಮದ್ಯ ಬೇಡ, ಪಟಾಕಿ ಬೇಡ, ರಾತ್ರಿ ಹತ್ತಕ್ಕೋ ಹನ್ನೊಂದಕ್ಕೋ ಗಲಾಟೆ ನಿಲ್ಲಿಸಿ, ಹೋಗುವಾಗ ಗುಡಿಸಿ ಹೋಗಿ. ಒಂದು ಮಾತ್ರ ನನಗೆ ಇಷ್ಟವಾದದ್ದು. ಎಷ್ಟೋ ಕ್ಯಾಂಪುಗಳಲ್ಲಿ ಮನೆಯಿಂದ ಸೌದೆ ತರುವ ಹಾಗಿಲ್ಲ. ಜಿಪುಣತನ ಅಂತ ಅನ್ನಿಸಬಹುದು. ಕಾರಣ ಒಂದು ಹುಳ. ಏಷ್ಯಾದಿಂದ ಬಂದ ಒಂದು ಹಸಿರು ಕೊರೆಹುಳ 2002ರಲ್ಲಿ ಡೆಟ್ರಾಯಿಟ್ ಹತ್ತಿರ ಕಂಡಿತು. ಅಲ್ಲಿಂದ ಈಚೆಗೆ ಕೋಟಿಗಟ್ಟಲೆ ಆಶ್ ಮರಗಳನ್ನು ಕೊಂದಿದೆ. ಅದು ಹಾರಿ ಹೋಗುವ ದೂರ ಕಡಿಮೆ. ಕ್ಯಾಂಪಿಗೆ ಹೋಗುವವರ ಕಾರಿನಲ್ಲಿ, ಸೌದೆಯ ತೊಗಟೆಯೊಳಗೆ ಕೂತು ನೂರಾರು ಮೈಲಿ ಹೋಗುತ್ತದೆ.

ಇನ್ನು ಹೊರಗಿನವರಿಗೆ ಬಾಗಿಲು ತೆರೆಯುವ ಮಾತು. ಇದು ಸೂಕ್ಷ್ಮ. ಮತ್ತೆ ಓಷನ್ ಗ್ರೋವ್ ವಿಷಯಕ್ಕೇ ಬರಬೇಕು. ಅಲ್ಲಿ ಒಂದು ಕಾಲದಲ್ಲಿ ಸಂಘವೇ ಊರಿನ ಸರ್ಕಾರ. ಶನಿವಾರ ನಡುರಾತ್ರಿ ಊರ ಬಾಗಿಲಿಗೆ ಸರಪಳಿ ಬೀಳುತ್ತಿತ್ತು. ಭಾನುವಾರ ಒಂದು ವಾಹನವೂ ಓಡುವ ಹಾಗಿರಲಿಲ್ಲ. 1979ರಲ್ಲಿ ನ್ಯೂಜೆರ್ಸಿಯ ಸುಪ್ರೀಂ ಕೋರ್ಟು, ಒಂದು ಧಾರ್ಮಿಕ ಸಂಘದ ಕೈಗೆ ಸರ್ಕಾರದ ಅಧಿಕಾರ ಕೊಡುವಂತಿಲ್ಲ ಅಂದಿತು. ಸಂಘ ನೆಲದ ಒಡೆಯನಾಗಿ ಉಳಿಯಿತು, ಊರಾಳುವ ಅಧಿಕಾರ ಹೋಯಿತು.

ಆಮೇಲೆ 2007. ಕಡಲ ದಡದಲ್ಲಿ ಸಂಘದ ಒಂದು ತೆರೆದ ಮಂಟಪವಿತ್ತು. ಮದುವೆಗಳಿಗೆ ಬಾಡಿಗೆಗೆ ಕೊಡುತ್ತಿದ್ದರು. ಇಬ್ಬರು ಮಹಿಳೆಯರು ತಮ್ಮ ಸಿವಿಲ್ ಯೂನಿಯನ್ ಸಮಾರಂಭಕ್ಕೆ, ಅಂದರೆ ಸಲಿಂಗ ಜೋಡಿಗಳಿಗೆ ಆಗ ಆ ರಾಜ್ಯದಲ್ಲಿ ಮದುವೆಯ ಬದಲು ಇದ್ದ ಕಾನೂನಿನ ಬಂಧದ ಸಮಾರಂಭಕ್ಕೆ, ಅದನ್ನು ಕೇಳಿದರು. ನಮ್ಮ ನಂಬಿಕೆಗೆ ಇದು ಒಪ್ಪುವುದಿಲ್ಲ ಅಂತ ಸಂಘ ಕೊಡಲಿಲ್ಲ. ಆದರೆ ಆ ಮಂಟಪಕ್ಕೆ ಸರ್ಕಾರದಿಂದ ತೆರಿಗೆ ವಿನಾಯಿತಿ ಪಡೆದಿದ್ದರು. ಎಲ್ಲರಿಗೂ ಸಮನಾಗಿ ತೆರೆದಿರುತ್ತದೆ ಅನ್ನುವುದೇ ಆ ವಿನಾಯಿತಿಯ ಷರತ್ತು. ಮಂಟಪದ ಮಟ್ಟಿಗೆ ವಿನಾಯಿತಿ ಹೋಯಿತು. 2012ರ ಜನವರಿಯಲ್ಲಿ ನ್ಯಾಯಾಧೀಶರು, ಸಂಘ ರಾಜ್ಯದ ತಾರತಮ್ಯ ವಿರೋಧಿ ಕಾನೂನು ಮುರಿದಿದೆ ಅಂತ ತೀರ್ಪು ಕೊಟ್ಟರು. ಅಷ್ಟರಲ್ಲಿ ಸಂಘ ಮಂಟಪವನ್ನು ಮದುವೆಗೆ ಕೊಡುವುದನ್ನೇ ನಿಲ್ಲಿಸಿತ್ತು.

ಈ ಪ್ರಕರಣದಲ್ಲಿ ನೀವು ಯಾವ ಕಡೆಯವರಾದರೂ ಇರಿ. ಕ್ಯಾಂಪು ನಡೆಸುವವರಿಗೆ ಇದರಲ್ಲಿ ಇರುವ ವಿಷಯ ಸರಳ. ಜಾಗ ನಮ್ಮ ಸಭೆಯವರಿಗೆ ಮಾತ್ರ ಅಂದರೆ ಅದನ್ನು ಮೊದಲ ಸಾಲಿನಲ್ಲೇ ಬರೆಯಬೇಕು, ಹೊರಗಿನ ಬಾಡಿಗೆಯ ಆಸೆ ಬಿಡಬೇಕು. ಬಾಡಿಗೆಗೆ ಕೊಡುತ್ತೇವೆ ಅಂದರೆ ಅಂಗಡಿ ತೆರೆದ ಹಾಗೆಯೇ, ಅಂಗಡಿಯ ಕಾನೂನು ಒಳಗೆ ಬರುತ್ತದೆ. ದುಡ್ಡು ಎಲ್ಲರಿಂದಲೂ ಬರಲಿ, ಆಯ್ಕೆ ಮಾತ್ರ ನಮ್ಮದಿರಲಿ ಅಂದರೆ ಕೋರ್ಟು ದಾರಿ.

ಆದರೆ ಬಾಗಿಲು ಮುಚ್ಚಿಕೊಂಡು ಇರುವುದೂ ಸುಲಭವಿಲ್ಲ. ಹತ್ತು ವಾರ ತುಂಬಿ, ನಲವತ್ತು ವಾರ ಖಾಲಿ ಇರುವ ಜಾಗಕ್ಕೂ ಛಾವಣಿ ಸೋರುತ್ತದೆ, ವಿಮೆ ಕಟ್ಟಬೇಕು. ಸದಸ್ಯರು ಕಡಿಮೆಯಾಗುತ್ತಿರುವ ಎಷ್ಟೋ ಚರ್ಚುಗಳು ಅಲ್ಲಿ ಕ್ಯಾಂಪುಗಳನ್ನು ಮಾರಿಬಿಟ್ಟಿವೆ. ಉಳಿಸಿಕೊಂಡವರಲ್ಲಿ ಬಹಳಷ್ಟು ಜನ ವಸಂತ, ಶರತ್ಕಾಲದಲ್ಲಿ ಹೊರಗಿನ ಗುಂಪುಗಳಿಗೆ ಕೊಡುತ್ತಾರೆ. ಬೆಂಗಳೂರಿನ ವೈಟ್‌ಫೀಲ್ಡ್‌ನಲ್ಲಿ 1963ರಲ್ಲಿ ಶುರುವಾದ ಎಕ್ಯುಮೆನಿಕಲ್ ಕ್ರಿಶ್ಚಿಯನ್ ಸೆಂಟರ್ ಕೂಡ ಬೇರೆ ಬೇರೆ ಸಂಸ್ಥೆಗಳ ಸಭೆ, ಶಿಬಿರಗಳು ನಡೆಯುವ ಜಾಗ.

ಅಮೆರಿಕದಲ್ಲಿರುವ ನಮ್ಮ ಕನ್ನಡದವರು ಯಾರಾದರೂ ಕುಟುಂಬಗಳೆಲ್ಲ ಸೇರಿ ಎರಡು ದಿನ ಇರೋಣ ಅಂತ ಅಲ್ಲಿ ಇಂಥ ಕ್ಯಾಂಪು ಹುಡುಕಿದರೆ, ಬಾಡಿಗೆ ಕೇಳುವ ಮೊದಲು ಎರಡು ವಿಷಯ ಕೇಳಿಕೊಳ್ಳಿ. ಒಂದು, ವಿಮೆ. ಗುಂಪಿನ ಹೆಸರಿನಲ್ಲಿ ಹತ್ತು ಲಕ್ಷ ಡಾಲರಿನ ಹೊಣೆಗಾರಿಕೆ ವಿಮೆಯ ಪತ್ರ ಕೇಳುವುದು ಅಲ್ಲಿ ಸಾಮಾನ್ಯ. ಹೆಸರೇ ನೋಂದಾಯಿಸದ ಗೆಳೆಯರ ಬಳಗಕ್ಕೆ ಅದು ಸುಲಭವಾಗಿ ಸಿಗುವುದಿಲ್ಲ. ಇನ್ನೊಂದು, ಅಡುಗೆಮನೆ. ಎಷ್ಟೋ ಕ್ಯಾಂಪುಗಳಲ್ಲಿ ಆರೋಗ್ಯ ಇಲಾಖೆಯ ಪರವಾನಗಿ ಇರುವುದು ಅವರ ಅಡುಗೆಯವರಿಗೆ ಮಾತ್ರ. ಬಂದವರು ಒಲೆ ಮುಟ್ಟುವ ಹಾಗಿಲ್ಲ. ಅಕ್ಕಿ, ಬೇಳೆ, ಒಗ್ಗರಣೆ ಸೌಟು ಎಲ್ಲ ಕಾರಿಗೆ ತುಂಬಿಕೊಂಡು ಹೋಗಿ, ಎರಡು ದಿನ ಅವರು ಕೊಟ್ಟ ಮ್ಯಾಕರೋನಿ ತಿಂದು ಬರುವುದು ಯಾರಿಗೆ ಬೇಕು? ಸಸ್ಯಾಹಾರಿಗಳು ಎಷ್ಟು ಜನ ಅನ್ನುವುದನ್ನು ಬುಕಿಂಗ್ ಕಾಗದದಲ್ಲೇ ಬರೆಸಿ.

ನಮಸ್ಕಾರ.